ಹಿರಿಯರಲ್ಲಿ ಸೊಂಟದ ಮೂಳೆ ಮುರಿಯೋದು ಜಾಸ್ತಿ ಆಗ್ತಿದ್ಯಾ, ಕಮ್ಮಿ ಆಗ್ತಿದ್ಯಾ?

ಎರಡೂ ಹೌದು. ಒಂದೇ ವಯಸ್ಸಿನವರನ್ನ ಹೋಲಿಸಿದ್ರೆ ಅಮೆರಿಕ, ಕೆನಡಾ, ಡೆನ್ಮಾರ್ಕ್ ತರದ ಕಡೆ ದರ ಇಳಿದಿದೆ, ಅಮೆರಿಕದಲ್ಲಿ 1995ರ ತನಕ ಏರಿ ಆಮೇಲೆ ಇಳೀತು, ಮೂಳೆ ಸವೆತದ ಮಾತ್ರೆ ಬಂದಿದ್ದು, ಸಿಗರೇಟು ಸೇದೋರು ಕಮ್ಮಿಯಾಗಿದ್ದು ಎಲ್ಲಾ ಸೇರಿರ್ಬಹುದು, ಆದ್ರೆ 2012ರ ಆಸುಪಾಸಲ್ಲಿ ಅಲ್ಲಿನ ಹೆಂಗಸರಲ್ಲಿ ಆ ಇಳಿಕೆ ನಿಂತೇಹೋಯ್ತು. 80 ದಾಟಿದವ್ರು ಎಲ್ಲಾ ಕಡೆ ಜಾಸ್ತಿಯಾಗಿರೋದ್ರಿಂದ ಒಟ್ಟು ಕೇಸು ಮಾತ್ರ ಏರ್ತಾನೇ ಇದೆ. 1990ರಲ್ಲಿ ಜಗತ್ತಲ್ಲಿ ಸುಮಾರು 16-17 ಲಕ್ಷ ಅಂತ ಅಂದಾಜು, 2050ಕ್ಕೆ 60 ಲಕ್ಷ ದಾಟತ್ತೆ ಅಂತ ಆಗ್ಲೇ ಲೆಕ್ಕ ಹಾಕಿದ್ರು.

ನಮ್ಮ ಶಿರಸಿ, ಕುಮಟಾ ಕಡೆ ಎಷ್ಟೋ ಮನೇಲಿ ಮಕ್ಕಳು ಬೆಂಗಳೂರಲ್ಲಿ, ಇಲ್ಲಿ ವಯಸ್ಸಾದವರಿಬ್ರೇ. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಎಲ್ಲರೂ ಹೆದರ್ತಾರೆ, ಸರಿನೇ, ಆದ್ರೆ ಜಾಸ್ತಿ ಜನ ಬೀಳೋದು ಮನೆ ಒಳಗೇ, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಒಂದು ಲೈಟು, ಗೋಡೆಗೊಂದು ಹಿಡಿಕೆ ಇರ್ಲಿ ದಯವಿಟ್ಟು. ಬಿದ್ದ ಮೇಲೆ ನಿಲ್ಲಕ್ಕಾಗ್ದೆ ಒಂದು ಕಾಲು ಗಿಡ್ಡಾಗಿ ಹೊರಗೆ ತಿರುಗಿದ್ರೆ ಎಣ್ಣೆ ತಿಕ್ಕಿ ಕಾಯ್ಬೇಡಿ, ಆಪರೇಷನ್ ಆದಷ್ಟು ಎರಡು ದಿನದೊಳಗೆ ಆಗ್ಬೇಕು, ಮಣಿಪಾಲ ಹುಬ್ಬಳ್ಳಿ ಎರಡೂ ದೂರ, ಅವತ್ತೇ ಹೊರಡಿ.