ಹಿಮದಿಂದ ಹಣ್ಣಿನ ತೋಟ ಉಳಿಸಲು ಹೊಗೆ ಹಾಕಿದರೆ ಸಾಕೇ?

ನೀಲಗಿರಿಯ ತಗ್ಗಿನಲ್ಲಿರುವ ನಿಮ್ಮ ಪೀಚ್ ಮತ್ತು ಪ್ಲಮ್ ತೋಟದ ಹೂವುಗಳು ಕಳೆದ ವಾರ ಒಂದೇ ರಾತ್ರಿ ಬಿದ್ದ ಹಿಮಕ್ಕೆ ಕಪ್ಪಾದವೆಂದೂ, ಹಸಿ ಹುಲ್ಲು ಸುಟ್ಟು ಹೊಗೆ ಹಾಕಿದ್ದರೆ ಉಳಿಯುತ್ತಿದ್ದವೆಂದು ಅಕ್ಕಪಕ್ಕದವರು ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ದ್ರಾಕ್ಷಿ ಬೆಳೆಯುವವರು ಇದಕ್ಕೆ ಏನು ಮಾಡುತ್ತಾರೆಂದೂ ಕೇಳಿದ್ದೀರಿ. ನಾನು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನವನು. ನಮ್ಮಲ್ಲಿ ಚಳಿಗೆ ದ್ರಾಕ್ಷಿ ಕಾಯಿ ಹಿಗ್ಗುವುದು ನಿಧಾನವಾಗುತ್ತದೆ, ಕೆಲವು ಸಲ ಸೀಳುತ್ತದೆ, ಅಷ್ಟೇ. ಎಲೆಯ ಮೇಲೆ ಹಿಮ ಕೂತದ್ದನ್ನು ನಾನು ಊರಿನಲ್ಲಿ ಕಂಡಿಲ್ಲ. ಆದರೆ ನಾಸಿಕ್ ಜಿಲ್ಲೆಯ ನಿಫಾಡ ತಾಲ್ಲೂಕಿನಲ್ಲಿರುವ ಸೋದರಮಾವನ ದ್ರಾಕ್ಷಿ ಪಡದಲ್ಲಿ ಮೂರು ಚಳಿಗಾಲ ಕಳೆದಿದ್ದೇನೆ. ಮಹಾರಾಷ್ಟ್ರದಲ್ಲಿ ಚಳಿ ಎಂದರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ನಿಫಾಡವೂ ಒಂದು. ಅಲ್ಲಿ ಕಲಿತದ್ದನ್ನು ಆಧರಿಸಿ ಹೇಳುವುದಾದರೆ, ಹೊಗೆಯನ್ನು ನಂಬಬೇಡಿ, ನೀರನ್ನು ನಂಬಿ.

ಮೋಡವಿಲ್ಲದ, ಗಾಳಿ ಅಲುಗದ ರಾತ್ರಿಯಲ್ಲಿ ನೆಲ ಹಗಲು ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಅಲ್ಲಿಯೇ ನಿಲ್ಲುತ್ತದೆ, ಹತ್ತು ಹದಿನೈದು ಮೀಟರ್ ಮೇಲಿನ ಗಾಳಿ ಅದಕ್ಕಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ನಿಮ್ಮ ತೋಟದ ಕೆಳಬದಿಯಲ್ಲಿ ದಟ್ಟವಾದ ಬೇಲಿ ಇದ್ದರೆ ಅದು ಈ ಗಾಳಿಗೆ ಒಡ್ಡು ಕಟ್ಟಿದಂತೆ. ಅಲ್ಲಲ್ಲಿ ಕಡಿದು ದಾರಿ ಬಿಡಿ. ಇಂತಹ ರಾತ್ರಿ ಎಲೆ, ಹೂವುಗಳು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಹೆಚ್ಚು ತಣ್ಣಗಾಗುವುದರಿಂದ, ಮನೆಯ ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿದ್ದರೂ ತೋಟದಲ್ಲಿ ಇಬ್ಬನಿ ಹೆಪ್ಪುಗಟ್ಟಬಹುದು. ಥರ್ಮಾಮೀಟರನ್ನು ತೋಟದ ಅತ್ಯಂತ ತಗ್ಗಿನ ಜಾಗದಲ್ಲಿ, ಹೂವಿನ ಎತ್ತರಕ್ಕೆ ಕಟ್ಟಬೇಕು.

ಹೊಗೆಯ ಕಣಗಳು ಎಷ್ಟು ಸಣ್ಣವೆಂದರೆ ನೆಲದಿಂದ ಮೇಲೇರುವ ಶಾಖದ ಕಿರಣಗಳನ್ನು ಅವು ತಡೆಯುವುದು ತೀರಾ ಕಡಿಮೆ. ಬೆಳಗಾದ ಮೇಲೆ ಅದೇ ಹೊಗೆ ಬಿಸಿಲಿಗೆ ಅಡ್ಡ ನಿಂತು ತೋಟ ಬೆಚ್ಚಗಾಗುವುದನ್ನು ತಡಮಾಡುತ್ತದೆ. ಕೆಲಸ ಮಾಡುವುದು ಬೆಂಕಿಯ ಕಾವು, ಅದೂ ಚಿಕ್ಕ ಚಿಕ್ಕ ಬೆಂಕಿಗಳು ಹಲವು ಕಡೆ ಇದ್ದಾಗ. ಮೊದಲ ವರ್ಷ ನಾನು ಮಾವನ ಮಾತು ಕೇಳದೆ ಪಡದ ನಡುವೆ ಆಳೆತ್ತರ ಒಟ್ಟಿ ಬೆಂಕಿ ಹಚ್ಚಿದೆ. ಜ್ವಾಲೆ ನೇರವಾಗಿ ಮೇಲೇರಿ ಬೆಚ್ಚಗಿನ ಗಾಳಿಯನ್ನೆಲ್ಲ ಎಳೆದುಕೊಂಡು ಹೋಯಿತು, ಸುತ್ತಲಿನ ತಣ್ಣನೆಯ ಗಾಳಿ ಆ ಜಾಗಕ್ಕೆ ನುಗ್ಗಿತು, ಎರಡು ಸಾಲಿನ ಎಲೆ ಸುಟ್ಟದ್ದಷ್ಟೇ ನನ್ನ ಸಾಧನೆ.

ಮರುವರ್ಷದ ಒಂದು ರಾತ್ರಿ ಮೂರೂವರೆಗೆ ಟಾರ್ಚ್ ಹಿಡಿದು ಹೋದಾಗ, ತಂತಿಯ ಮೇಲಿನ ಇಬ್ಬನಿ ಉಗುರಿಗೆ ಸಕ್ಕರೆ ಹರಳಿನಂತೆ ಸಿಕ್ಕಿತು. ಮೋಟಾರು ಹಾಕಿ ಸಾಲುಗಳ ನಡುವೆ ನೀರು ಬಿಟ್ಟೆವು. ಕೊಳವೆಬಾವಿಯ ನೀರು ಕೈಗೆ ಬೆಚ್ಚಗೆ ತಾಗುತ್ತಿತ್ತು, ಹರಿಯುವ ನೀರಿನಿಂದ ಹಬೆ ಏಳುತ್ತಿತ್ತು. ಆ ಪಡ ಉಳಿಯಿತು. ವಾಸ್ತವದಲ್ಲಿ ಇದಕ್ಕಿಂತ ಒಳ್ಳೆಯದು ಒಂದೆರಡು ದಿನ ಮೊದಲೇ ನೀರು ಕೊಡುವುದು; ಒದ್ದೆ ನೆಲ ಹಗಲಿನ ಶಾಖವನ್ನು ಹೆಚ್ಚು ಹೀರಿಕೊಂಡು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ರಾತ್ರಿ ಥ್ರೀ-ಫೇಸ್ ಕರೆಂಟು ಇರುತ್ತದೆಯೋ ಇಲ್ಲವೋ ಎಂಬ ಚಿಂತೆಯೂ ತಪ್ಪುತ್ತದೆ. ಇದೇ ಕಾರಣಕ್ಕೆ ಹಿಮದ ದಿನಗಳಲ್ಲಿ ಗಿಡದ ಬುಡಕ್ಕೆ ಹುಲ್ಲನ್ನಾಗಲಿ ಕಬ್ಬಿನ ರವದಿಯನ್ನಾಗಲಿ ಹೊದಿಸಬಾರದು, ಹೊಸದಾಗಿ ನೆಲ ಅಗೆಯಲೂಬಾರದು. ಬೇಸಿಗೆಯಲ್ಲಿ ತೇವ ಕಾಯುವ ಹೊದಿಕೆ ಇಲ್ಲಿ ನೆಲದ ಶಾಖ ಗಿಡಕ್ಕೆ ತಲುಪದಂತೆ ಮಾಡುತ್ತದೆ. ಬರಪೀಡಿತ ಜತ್ತದಲ್ಲಿ ರವದಿ ಹೊದಿಸುವುದನ್ನೇ ಧರ್ಮವೆಂದು ತಿಳಿದಿದ್ದ ನನಗೆ ಇದನ್ನು ಒಪ್ಪಿಕೊಳ್ಳಲು ಕಷ್ಟವಾಯಿತು.

ಗಿಡದ ಮೇಲೆಯೇ ಸ್ಪ್ರಿಂಕ್ಲರಿನಿಂದ ನೀರು ಸುರಿಸುವ ಪದ್ಧತಿಯೂ ಇದೆ. ಫ್ರಾನ್ಸಿನ ಶಾಬ್ಲಿ ಪ್ರದೇಶದ ದ್ರಾಕ್ಷಿ ಬೆಳೆಗಾರರು ಇದನ್ನು ಬಳಸುತ್ತಾರೆ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ 80 ಕ್ಯಾಲೊರಿ ಶಾಖ ಬಿಡುತ್ತದೆ, ಹೀಗಾಗಿ ನೀರು ಬೀಳುತ್ತಿರುವವರೆಗೆ ಮಂಜುಗಡ್ಡೆಯೊಳಗಿನ ಮೊಗ್ಗು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಅದೇ ಒಂದು ಗ್ರಾಂ ಆವಿಯಾಗುವಾಗ ಸುಮಾರು 600 ಕ್ಯಾಲೊರಿ ಎಳೆದುಕೊಳ್ಳುತ್ತದೆ. ಆದ್ದರಿಂದ ನಡುರಾತ್ರಿ ನೀರು ನಿಂತರೆ, ಅಥವಾ ಸಾಲದಷ್ಟು ಬಿದ್ದರೆ, ಏನೂ ಮಾಡದ ತೋಟಕ್ಕಿಂತ ನಿಮ್ಮ ತೋಟವೇ ಹೆಚ್ಚು ಹಾಳಾಗುತ್ತದೆ. ಗಂಟೆಗೆ 3 ಮಿಲಿಮೀಟರಿನಂತೆ ಸುರಿಸಲು ಎಕರೆಗೆ ಪ್ರತಿ ಗಂಟೆ ಸುಮಾರು 12,000 ಲೀಟರ್ ಬೇಕು, ಸೂರ್ಯ ಹುಟ್ಟಿ ಮಂಜುಗಡ್ಡೆ ತಾನಾಗಿ ಕರಗಿ ಉದುರುವವರೆಗೂ ನಿಲ್ಲಿಸುವಂತಿಲ್ಲ. ಅಷ್ಟು ನೀರೂ, ನಂಬಬಹುದಾದ ಜನರೇಟರೂ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಲೇಸು.

ಬಳ್ಳಿ ಬೇಗ ಚಿಗುರಿದಷ್ಟೂ ಅಪಾಯ ಹೆಚ್ಚು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಅಷ್ಟೊಂದು ನಷ್ಟ ಅನುಭವಿಸಿದ್ದಕ್ಕೆ ಮಾರ್ಚ್ ಕೊನೆಯ ಸೆಕೆಗೆ ಚಿಗುರು ಮೊದಲೇ ಒಡೆದದ್ದೂ ಒಂದು ಕಾರಣ. ಅಲ್ಲಿ ಚಾಟನಿಯನ್ನು, ಅಂದರೆ ಕೊಂಬೆ ಸವರುವುದನ್ನು, ತಡವಾಗಿ ಮಾಡಿ ಚಿಗುರನ್ನು ಕೆಲವು ದಿನ ಮುಂದೂಡುವವರಿದ್ದಾರೆ. ನೀವೂ ತಗ್ಗಿನ ಗಿಡಗಳ ಕೊಂಬೆಗಳನ್ನು ಎಲ್ಲಕ್ಕಿಂತ ಕೊನೆಗೆ ಸವರಿ ನೋಡಬಹುದು.

ಈಗ ಕಪ್ಪಾಗಿರುವ ಗಿಡಗಳಿಗೆ ಅವಸರದಿಂದ ಕತ್ತರಿ ಹಾಕಬೇಡಿ. ತೋಟದ ಬೇರೆ ಬೇರೆ ಎತ್ತರಗಳಿಂದ ಹತ್ತಿಪ್ಪತ್ತು ಹೂವು ಕಿತ್ತು, ಬುಡದ ಎಳೆಗಾಯಿಯನ್ನು ಬ್ಲೇಡಿನಿಂದ ಅಡ್ಡಲಾಗಿ ಸೀಳಿ ನೋಡಿ. ನಡುವೆ ಕಂದು ಬಣ್ಣವಿದ್ದರೆ ಆ ಹೂವು ಸತ್ತಿದೆ, ಹಸಿರಿದ್ದರೆ ಎಸಳು ಎಷ್ಟೇ ಕಪ್ಪಾಗಿದ್ದರೂ ಕಾಯಿ ಕಟ್ಟಬಹುದು. ಎಷ್ಟಕ್ಕೆ ಎಷ್ಟು ಹಸಿರು ಸಿಕ್ಕವೆಂದು ಇಲ್ಲಿಯೇ ತಿಳಿಸಿ.