ಹುಲ್ಲುಗಾವಲಿನ ಚಿತ್ರ ಬರೆದರೆ ಖಾಲಿ ಬಯಲಿನಂತೆ ಕಾಣುತ್ತದೆ, ಏನು ಮಾಡಬೇಕು?

ಹಸಿರು ಬಣ್ಣವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶಕ್ಕೆ ಬೇಸಿಗೆಯಲ್ಲಿ ಹೋದರೆ ಕಾಣುವುದು ಹೊಂಬಣ್ಣ, ಕಂದು, ಬೂದು. ಹಸಿರು ಬರುವುದು ಮಳೆ ಬಿದ್ದ ಮೇಲೆ. ಅಲ್ಲಿ ನೆಲದ ಮೇಲೆ ಕುಳಿತು ನೋಡಿ. ದಿಗಂತ ತೆನೆಗಳ ಹಿಂದೆ ಸರಿಯುತ್ತದೆ, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳ ಲೋಕ ತೆರೆದುಕೊಳ್ಳುತ್ತದೆ.

ಆಮೇಲೆ ಒಂದೇ ಹುಲ್ಲನ್ನು ಹಿಡಿದು ಅಭ್ಯಾಸ ಮಾಡಿ. ನಡೆಯುವಾಗ ಬಟ್ಟೆಗೆ ಚುಚ್ಚಿಕೊಳ್ಳುತ್ತದಲ್ಲ, ಆ ಹುಲ್ಲಿನ ಬೀಜಕ್ಕೆ ತಿರುಚಿದ ಉದ್ದನೆಯ ಬಾಲವಿದೆ. ತೇವಕ್ಕೆ ಅದು ಸುರುಳಿ ಬಿಚ್ಚುತ್ತಾ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತಾ ಬೀಜವನ್ನು ಮಣ್ಣಿನೊಳಗೆ ಕೊರೆದು ಇಳಿಸುತ್ತದೆ. ಆ ತಿರುವನ್ನು ಹತ್ತು ಸಲ ಪೆನ್ಸಿಲ್‌ನಲ್ಲಿ ಬರೆಯಿರಿ, ಗೆರೆಗೆ ಜೀವ ಬರುತ್ತದೆ.

ದಯವಿಟ್ಟು ಅಂದಕ್ಕೆಂದು ಮರ ಸೇರಿಸಬೇಡಿ. ಇಂತಹ ಬಯಲನ್ನು ಬಂಜರೆಂದು ಕರೆದು ನೀಲಗಿರಿ ನೆಟ್ಟು ನಾವು ಎಷ್ಟೋ ಹುಲ್ಲುಗಾವಲನ್ನು ಕಳೆದುಕೊಂಡಿದ್ದೇವೆ.