ಶರತ್ಕಾಲದ ಮೊದಲ ವಾರಗಳಲ್ಲಿ ಹಳ್ಳಿ ಮನೆಯ ದಿನಚರಿ ಹೇಗಿರುತ್ತದೆ? ಚಳಿ ಹಿಡಿಯುವ ಮೊದಲು ಯಾವ ಕೆಲಸ ಮುಗಿಸಿಕೊಳ್ಳಬೇಕು?

ಸೌದೆ ಒಲೆ, ಸಣ್ಣ ಕೈತೋಟ, ಸುತ್ತ ಎಲೆ ಉದುರಿಸುವ ಮರಗಳು ಇರುವ ಹಳೆಯ ಮನೆಗೆ ಹೊಸದಾಗಿ ಬಂದಿದ್ದೀರಿ. ಕೆಲಸ ಕಣ್ಣಿಗೆ ಬೀಳುತ್ತಿದೆ, ಆದರೆ ಯಾವುದು ಮೊದಲು ಎಂದು ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಈ ಕಾಲದ ಕೆಲಸಗಳನ್ನೆಲ್ಲ ನಾನು ಒಂದೇ ಲೆಕ್ಕದಲ್ಲಿ ನೋಡುತ್ತೇನೆ: ತೇವ. ಸೌದೆ, ಕುಂಬಳ, ಈರುಳ್ಳಿ, ಬಿತ್ತನೆ ಬೀಜ, ಬೀರುವಿನ ಬಟ್ಟೆ, ಗೋಡೆ, ಇವೆಲ್ಲಕ್ಕೂ ಒಣಗಲು ಉಳಿದಿರುವುದು ಇನ್ನು ಕೆಲವೇ ವಾರ. ತರಗೆಲೆಗೆ ಮಾತ್ರ ಇದರ ತಿರುಗುಮುರುಗು, ಅದಕ್ಕೆ ತೇವ ಬೇಕು.

ಮೊದಲು ದಿನದ ಗಡಿಯಾರ. ಹಗಲು ರಾತ್ರಿ ಸಮನಾಗುವುದು ಉತ್ತರ ಗೋಳಾರ್ಧದಲ್ಲಿ ಸೆಪ್ಟೆಂಬರ್ 22 ಅಥವಾ 23ಕ್ಕೆ, ದಕ್ಷಿಣದಲ್ಲಿ ಮಾರ್ಚ್ 20ರ ಆಸುಪಾಸಿಗೆ. ಅಲ್ಲಿಂದ ಮುಂದೆ ರಾತ್ರಿಯೇ ಉದ್ದ. ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುವುದರಿಂದ ಬೆಳಗ್ಗೆ ಇಬ್ಬನಿ ದಟ್ಟವಾಗಿ ಕೂತಿರುತ್ತದೆ. ಬಿಸಿಲು ಬಂತೆಂದು ಬೀಜವನ್ನೋ ಹಾಸಿಗೆಯನ್ನೋ ಆಗಲೇ ಹೊರಗೆ ಹರಡಿದರೆ ಅದು ಒಣಗುವ ಬದಲು ನೆನೆಯುತ್ತದೆ. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ನೋಡಿ, ಪಾದ ಒದ್ದೆಯಾಗದಿದ್ದರೆ ಹರಡಬಹುದು. ಸಂಜೆ ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮುಂಚೆ ಎಲ್ಲ ಒಳಗೆ ಬರಬೇಕು. ಒಣಗಿದ ಬೀಜ, ಬಟ್ಟೆ, ಹುಲ್ಲು ಯಾವುದೇ ಆಗಲಿ, ತಣ್ಣನೆಯ ಗಾಳಿಯಿಂದ ತೇವವನ್ನು ವಾಪಸ್ಸು ಹೀರಿಕೊಳ್ಳುತ್ತದೆ. ಹಗಲೆಲ್ಲ ಒಣಗಿಸಿದ್ದು ಒಂದು ಸಂಜೆಯಲ್ಲಿ ವ್ಯರ್ಥವಾಗಬಹುದು. ಹಾಗಾಗಿ ಬೆಳಗಿನ ಹೊತ್ತು ಸೌದೆ ಸೀಳುವುದಕ್ಕೆ ಮತ್ತು ಮನೆಯೊಳಗಿನ ಕೆಲಸಕ್ಕೆ, ನಡು ಹಗಲು ಒಣಗಿಸುವುದಕ್ಕೆ, ಸಂಜೆ ಆರಿಸಿ ಎತ್ತಿಡುವುದಕ್ಕೆ. ದಿನ ತಾನಾಗಿ ಹೀಗೆ ಮೂರು ಪಾಲಾಗುತ್ತದೆ.

ಸೌದೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಈಗ ಕಡಿದ ಮರ ಈ ಚಳಿಗೆ ಉರಿಸಲು ಬರುವುದಿಲ್ಲ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಲೆಕ್ಕ ಹಾಕಿ ನೋಡಿ: ಅಂಥ 10 ಕಿಲೋ ಹಸಿ ಸೌದೆಯಲ್ಲಿ 5 ಕಿಲೋ ನೀರು. ಅದನ್ನು ಕಾಯಿಸಿ ಆವಿಯಾಗಿಸಲು ಸುಮಾರು 13 ಮೆಗಾಜೂಲ್ ಶಾಖ ಬೇಕು. ಉಳಿದ 5 ಕಿಲೋ ಮರ ಕೊಡುವುದು 90ರ ಸುಮಾರು. ಅಂದರೆ ಏಳರಲ್ಲಿ ಒಂದು ಪಾಲು ಬರೀ ನೀರಿಗೆ ಹೋಯಿತು. ನಷ್ಟ ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಒದ್ದೆ ಸೌದೆಯ ಬೆಂಕಿ ತಣ್ಣಗಿರುತ್ತದೆ, ಹೊಗೆ ಪೂರ್ತಿ ಉರಿಯುವುದಿಲ್ಲ, ಉರಿಯದೆ ಉಳಿದದ್ದು ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಮುಂದೊಂದು ದಿನ ಜೋರು ಬೆಂಕಿ ಹಾಕಿದಾಗ ಆ ಅಂಟಿಗೇ ಬೆಂಕಿ ಹತ್ತುತ್ತದೆ. ಚಿಮಣಿಗೆ ಬೆಂಕಿ ಬೀಳುವುದಕ್ಕೆ ಬಹುಪಾಲು ಕಾರಣ ಇದೇ.

ಉರಿಸುವ ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಮೆದು ಮರವನ್ನು ಸೀಳಿ ಗಾಳಿಗಿಟ್ಟರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಆ ಹದಕ್ಕೆ ಬರುತ್ತದೆ, ಓಕ್‌ನಂಥ ಗಟ್ಟಿ ಮರಕ್ಕೆ ಎರಡು ವರ್ಷ ಬೇಕು. ತುದಿಯಲ್ಲಿ ಬಿರುಕು ಬಿಟ್ಟಿದೆ, ತೊಗಟೆ ಸಡಿಲವಾಗಿದೆ, ಎರಡು ತುಂಡು ತಾಗಿಸಿದರೆ ಟಣ್ ಎನ್ನುತ್ತದೆ ಎಂದರೆ ಒಣಗಿದ ಲಕ್ಷಣ. ಹಸಿಯದು ದಪ್ ಎನ್ನುತ್ತದೆ. ಆದರೆ ನಾನು ಹೆಚ್ಚು ನಂಬುವುದು ತಕ್ಕಡಿಯನ್ನು. ಒಟ್ಟಿಲಿನ ಬೇರೆ ಬೇರೆ ಕಡೆಯಿಂದ ಮೂರು ತುಂಡು ಆರಿಸಿ, ಇದ್ದಿಲಿನಲ್ಲಿ ನಂಬರು ಬರೆದು, ವಾರಕ್ಕೊಮ್ಮೆ ತೂಗಿ. ವಾರ ವಾರವೂ ತೂಕ ಇಳಿಯುತ್ತಿದ್ದರೆ ಇನ್ನೂ ನೀರು ಬಿಡುತ್ತಿದೆ. ಒಣಹವೆಯಲ್ಲೂ ಮೂರು ನಾಲ್ಕು ವಾರ ತೂಕ ನಿಂತಲ್ಲೇ ನಿಂತರೆ ಹದವಾಗಿದೆ. ತೇವ ಅಳೆಯುವ ಮೀಟರ್ ಇದ್ದರೆ ತುಂಡನ್ನು ಆಗಷ್ಟೇ ಸೀಳಿ ಒಳಮೈಗೆ ಚುಚ್ಚಿ. ಹೊರಮೈ ಯಾವಾಗಲೂ ಒಣಗಿದಂತೆಯೇ ತೋರಿಸುತ್ತದೆ.

ಒಟ್ಟುವ ಕ್ರಮವೂ ಮುಖ್ಯ. ನೆಲದಿಂದ 10–15 ಸೆಂ.ಮೀ. ಎತ್ತರದಲ್ಲಿ ಎರಡು ಅಡ್ಡ ತೊಲೆ ಹಾಕಿ, ಅದರ ಮೇಲೆ ಒಂದೇ ಸಾಲು. ಎರಡು ಮೂರು ಸಾಲನ್ನು ಒತ್ತಿ ಇಟ್ಟರೆ ನಡುವಿನದು ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಸಾಲಿನ ಎರಡೂ ತುದಿಗಳಲ್ಲಿ ತುಂಡುಗಳನ್ನು ಒಂದು ವರಸೆ ಅಡ್ಡ, ಒಂದು ವರಸೆ ಉದ್ದ ಎಂದು ಜೋಡಿಸಿದರೆ ಕಂಬದಂತೆ ನಿಂತು ಸಾಲು ಜಾರದು. ಎದೆಮಟ್ಟಕ್ಕಿಂತ ಎತ್ತರ ಬೇಡ. ಮೇಲ್ಭಾಗ ಮಾತ್ರ ಮುಚ್ಚಿ, ಬದಿಗಳು ತೆರೆದಿರಲಿ. ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೆ ಎಳೆದು ಕಟ್ಟಿದರೆ ಮರ ಬಿಟ್ಟ ತೇವ ಒಳಗೇ ಬೆವರಿ ಮತ್ತೆ ಮರಕ್ಕೇ ಇಳಿಯುತ್ತದೆ. ಈ ತಪ್ಪು ಎಷ್ಟು ಕಡೆ ಕಾಣುತ್ತದೋ ಲೆಕ್ಕವಿಲ್ಲ. ಮನೆ ಗೋಡೆಗೆ ಒರಗಿಸುವುದೂ ಬೇಡ, ಗೆದ್ದಲಿಗೂ ಇಲಿಗೂ ಅದೇ ದಾರಿ. ಈಗ ನಿಮ್ಮಲ್ಲಿರುವ ಸೌದೆ ಹಸಿಯೇ ಎಂದು ಗೊತ್ತಾದರೆ ಅದನ್ನು ಮುಂದಿನ ವರ್ಷದ ಸಾಲೆಂದು ಬೇರೆ ಒಟ್ಟಿ, ಈ ಚಳಿಗೆ ಒಣಗಿದ್ದನ್ನೇ ಹುಡುಕಿ ತನ್ನಿ. ಇರುವುದನ್ನು 8–10 ಸೆಂ.ಮೀ. ದಪ್ಪಕ್ಕೆ ಸೀಳಿದರೆ ಬೇಗ ಒಣಗುವುದು ನಿಜ, ಆದರೆ ಬಿಸಿಲು ಇಳಿಮುಖವಾದ ಮೇಲೆ ಅದರಿಂದ ಪವಾಡವೇನೂ ಆಗದು.

ಮೊದಲ ಬೆಂಕಿ ಹಾಕುವ ಮುನ್ನ ಚಿಮಣಿ ಗುಡಿಸಲೇಬೇಕು. ಬ್ರಷ್ಷಿನ ಅಗಲ ಕೊಳವೆಯ ಅಗಲಕ್ಕೆ ಸರಿಹೊಂದಬೇಕು. ಉದುರುವುದು ಪುಡಿ ಮಸಿಯಾದರೆ ಚಿಂತೆಯಿಲ್ಲ. ಕಪ್ಪು ಗಾಜಿನಂತೆ ಹೊಳೆಯುವ ಗಟ್ಟಿ ಪದರ ಕಂಡರೆ ಅದು ಬ್ರಷ್ಷಿಗೆ ಬರುವುದಿಲ್ಲ. ಬಲ್ಲವರನ್ನು ಕರೆಸಿ ತೆಗೆಸುವವರೆಗೆ ಒಲೆ ಹೊತ್ತಿಸಬೇಡಿ. ಬೇಸಿಗೆಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇ ಎಂದೂ ನೋಡಿ. ಮುಚ್ಚುವ ಒಲೆಯಾದರೆ ಬಾಗಿಲಿನ ಸುತ್ತ ಇರುವ ಹಗ್ಗದಂಥ ಸೀಲನ್ನು ಪರೀಕ್ಷಿಸಲು ಒಂದು ಕಾಗದದ ಪಟ್ಟಿ ಸಾಕು: ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಸೀಲು ಸವೆದಿದೆ. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇನ್ನು ತೋಟ. ಸಿಹಿಗುಂಬಳ ಬಲಿತಿದೆಯೇ ಎಂದು ತಿಳಿಯಲು ಸಿಪ್ಪೆಗೆ ಉಗುರು ಒತ್ತಿ. ಉಗುರು ಇಳಿಯದೆ, ತೊಟ್ಟು ಒಣಗಿ ಬೆಂಡಿನಂತಾಗಿದ್ದರೆ ಕೊಯ್ಯಬಹುದು. 5–10 ಸೆಂ.ಮೀ. ತೊಟ್ಟು ಕಾಯಿಗೇ ಉಳಿಯುವಂತೆ ಕತ್ತರಿಸಿ, ತೊಟ್ಟು ಹಿಡಿದು ಎತ್ತಬೇಡಿ. ತೊಟ್ಟು ಮುರಿದ ಜಾಗದಿಂದಲೇ ಕೊಳೆತ ಶುರು. ಆಮೇಲೆ 10ರಿಂದ 14 ದಿನ 25–30 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಗಾಳಿಯಾಡುವ ಕಡೆ ಇಟ್ಟರೆ ಸಿಪ್ಪೆ ಗಟ್ಟಿಯಾಗಿ ಸಣ್ಣ ಗೀರುಗಳು ಮಾಯುತ್ತವೆ. ಅಲ್ಲಿಂದ 10–15 ಡಿಗ್ರಿಯ ಒಣ ಜಾಗಕ್ಕೆ, ಹುಲ್ಲಿನ ಮೇಲೆ, ಒಂದಕ್ಕೊಂದು ತಾಗದಂತೆ. ತಂಪಿದ್ದಷ್ಟೂ ಒಳ್ಳೆಯದು ಎಂದುಕೊಂಡು 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಶೀತಕ್ಕೇ ಕೆಡುತ್ತದೆ.

ಈರುಳ್ಳಿಯ ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿ ಬಾಗಿ ಬಿದ್ದ ಮೇಲೆ ಕಿತ್ತು, ನೆರಳಲ್ಲಿ ಎರಡು ಮೂರು ವಾರ ಗಾಳಿಗೆ ಒಣಗಿಸಿ. ಕತ್ತನ್ನು ಬೆರಳ ನಡುವೆ ಹೊಸಕಿದರೆ ಜಾರುವಂತಿರಬಾರದು, ಕಾಗದದಂತೆ ಗರಗರ ಎನ್ನಬೇಕು. ದಪ್ಪ ಕತ್ತಿನವು ಎಷ್ಟು ಒಣಗಿಸಿದರೂ ಬಾಳುವುದಿಲ್ಲ, ಅವನ್ನು ಮೊದಲು ಅಡುಗೆಗೆ ಬಳಸಿ. ಆಲೂಗಡ್ಡೆಯ ಜೊತೆ ಇಡಬೇಡಿ; ಆಲೂಗಡ್ಡೆಗೆ ಕತ್ತಲೆ ಮತ್ತು ಸ್ವಲ್ಪ ತೇವದ ಗಾಳಿ ಬೇಕು, ಈರುಳ್ಳಿಗೆ ಒಣ ಗಾಳಿ.

ಬಿತ್ತನೆ ಬೀಜ ಎತ್ತಿಡುವುದು ಈ ಕಾಲದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಹೊಸಬರು ಬೀನ್ಸ್ ಮತ್ತು ಟೊಮೆಟೊದಿಂದ ಶುರು ಮಾಡಿ. ಇವು ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿ ಬೆರೆಯುವುದು ಕಡಿಮೆ. ಕುಂಬಳ ಹಾಗಲ್ಲ: ಹತ್ತಿರದಲ್ಲಿ ಅದೇ ಜಾತಿಯ ಬೇರೆ ತಳಿ ಇದ್ದರೆ ದುಂಬಿಗಳು ಬೆರೆಸಿಬಿಟ್ಟಿರುತ್ತವೆ, ಮುಂದಿನ ವರ್ಷ ಏನು ಹುಟ್ಟುತ್ತದೋ ಹೇಳಲಾಗದು. ಅಂಥ ಬೀಜದಿಂದ ಬಂದ ಕಾಯಿ ಕಹಿಯಾಗಿದ್ದರೆ ತಿನ್ನಬೇಡಿ, ಹೊಟ್ಟೆ ಕೆಡಿಸುತ್ತದೆ. ಹೈಬ್ರಿಡ್ ಗಿಡದ ಬೀಜವೂ ತಾಯಿಯನ್ನು ಹೋಲುವುದಿಲ್ಲ.

ಬೀನ್ಸ್ ಕಾಯನ್ನು ಗಿಡದಲ್ಲೇ ಬಿಡಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ. ಮಳೆ ಬರುವ ಸೂಚನೆ ಕಂಡರೆ ಗಿಡವನ್ನೇ ಬೇರು ಸಹಿತ ಕಿತ್ತು ಸೂರಿನಡಿ ತಲೆಕೆಳಗಾಗಿ ತೂಗುಹಾಕಿ. ಬಿಡಿಸಿದ ಬೀಜವನ್ನು ಸುತ್ತಿಗೆಯಿಂದ ಕುಟ್ಟಿ ನೋಡಿ: ಒಣಗಿದ್ದು ಚೂರಾಗುತ್ತದೆ, ಹಸಿಯದು ಚಪ್ಪಟೆಯಾಗುತ್ತದೆ. ಟೊಮೆಟೊ ಬೀಜದ ಸುತ್ತ ಲೋಳೆ ಇರುತ್ತದೆ, ಅದು ಮೊಳಕೆಯನ್ನು ತಡೆಯುತ್ತದೆ. ಚೆನ್ನಾಗಿ ಹಣ್ಣಾದ ಕಾಯಿಯ ತಿರುಳನ್ನು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಬೆರೆಸಿ, ಬೆಚ್ಚಗಿನ ಕಡೆ ಎರಡು ಮೂರು ದಿನ ಇಡಿ, ದಿನಕ್ಕೊಮ್ಮೆ ಕದಡಿ. ಹುಳಿ ವಾಸನೆ ಬಂದು ಮೇಲೆ ಬಿಳಿ ಪೊರೆ ಕಟ್ಟಿದರೆ ಗಾಬರಿ ಬೇಡ, ಅದೇ ಬೇಕಾದದ್ದು. ಗಟ್ಟಿ ಬೀಜ ತಳದಲ್ಲಿರುತ್ತದೆ. ಮೇಲಿನದನ್ನು ಚೆಲ್ಲಿ, ತೊಳೆದು, ಪಿಂಗಾಣಿ ತಟ್ಟೆಯ ಮೇಲೆ ಹರಡಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲಾಗದು. ಲೋಟದಲ್ಲಿ ಐದಾರು ದಿನ ಮರೆತರೆ ಅಲ್ಲೇ ಮೊಳೆತುಬಿಡಬಹುದು.

ಬೀಜದ ತೇವ ಶೇಕಡಾ 5ರಿಂದ 14ರ ನಡುವೆ ಇರುವಾಗ ಒಂದು ರೂಢಿಯ ಲೆಕ್ಕವಿದೆ: ತೇವ ಶೇಕಡಾ 1ರಷ್ಟು ಇಳಿದಾಗಲೆಲ್ಲ ಬೀಜದ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದಾಗಲೂ ಇಮ್ಮಡಿ. ಹಾಗೆಂದು ಒಲೆಯ ಹತ್ತಿರವಿಟ್ಟು ಅವಸರ ಮಾಡಬೇಡಿ, 35 ಡಿಗ್ರಿ ದಾಟಿದರೆ ಜೀವಕ್ಕೆ ಪೆಟ್ಟು. ಗಾಳಿಯಲ್ಲಿ ಒಣಗಿದ ಮೇಲೆ ಬೀಜದ ತೂಕದಷ್ಟೇ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಒಂದು ವಾರ ಇಟ್ಟು, ಆಮೇಲೆ ಜೆಲ್ ತೆಗೆಯಿರಿ. ಬೀನ್ಸ್ ಹುಳಕ್ಕೆ ಬೀಜವನ್ನು ಒಂದು ವಾರ ಫ್ರೀಜರಿನಲ್ಲಿಡುವುದು ಒಳ್ಳೆಯ ಮದ್ದು, ಆದರೆ ಪೂರ್ತಿ ಒಣಗಿದ ಬೀಜಕ್ಕೆ ಮಾತ್ರ. ಒಳಗೆ ನೀರಿದ್ದರೆ ಅದು ಹೆಪ್ಪುಗಟ್ಟಿ ಬೀಜ ಸಾಯುತ್ತದೆ. ಹೊರತೆಗೆದ ಬಾಟಲಿಯನ್ನು ಕೋಣೆಯ ಕಾವಿಗೆ ಬರುವವರೆಗೆ ತೆರೆಯಬೇಡಿ, ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಕೂತುಬಿಡುತ್ತದೆ. ಹೆಸರು ಮತ್ತು ವರ್ಷ ಅಂದೇ ಬರೆದಂಟಿಸಿ.

ಮನೆಯೊಳಗಿನ ಗಾಳಿಯ ತೇವ ಅಳೆಯಲು ಒಂದು ಹೈಗ್ರೋಮೀಟರ್ ಇಟ್ಟುಕೊಳ್ಳಿ. ಶೇಕಡಾ 40ರಿಂದ 60 ಒಳ್ಳೆಯದು, 70 ದಾಟಿ ಹಾಗೇ ನಿಂತರೆ ಬೀರುವಿನ ಹಿಂದೆ ಬೂಷ್ಟು ಏಳುತ್ತದೆ. ಅಗ್ಗದ ಮೀಟರುಗಳು ತಪ್ಪು ತೋರಿಸುವುದುಂಟು, ಪರೀಕ್ಷೆ ಸುಲಭ: ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಂತೆ ಕೆಸರಿನ ಹದಕ್ಕೆ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹನ್ನೆರಡು ಗಂಟೆ ಇಡಿ. ಅದು 75 ತೋರಿಸಬೇಕು. 80 ತೋರಿಸಿದರೆ ಇನ್ನು ಮುಂದೆ 5 ಕಳೆದು ಓದಿಕೊಳ್ಳಿ. ಬೀರುಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದರೆ ಮುಗ್ಗಲು ವಾಸನೆ ಅರ್ಧಕ್ಕರ್ಧ ಹೋಗುತ್ತದೆ.

ಸೂರಿನ ನೀರು ಹರಿಯುವ ದೋಣಿಯನ್ನು ಎರಡು ಸಲ ಕಸ ತೆಗೆದು ಸ್ವಚ್ಛ ಮಾಡಿ, ಅರ್ಧ ಎಲೆ ಉದುರಿದಾಗ ಒಮ್ಮೆ, ಪೂರ್ತಿ ಉದುರಿದ ಮೇಲೆ ಒಮ್ಮೆ. ಏಣಿಯ ಬುಡ ಪ್ರತಿ 4 ಮೀಟರ್ ಎತ್ತರಕ್ಕೆ ಗೋಡೆಯಿಂದ 1 ಮೀಟರ್ ದೂರ ಇರಲಿ. ಕಸ ತೆಗೆದ ಮೇಲೆ ಒಂದು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ನೋಡಿ. ಇಲಿಗಳು ಒಳಗೆ ಬರಲು ಹವಣಿಸುವುದೂ ಈಗಲೇ. ಪೆನ್ಸಿಲ್ ತೂರುವಷ್ಟು ಸಂದು ಸುಂಡಿಲಿಗೆ ಸಾಕು. ಉಕ್ಕಿನ ನಾರು ತುರುಕಿ ಮೇಲೆ ಗಾರೆ ಮೆತ್ತಿ.

ತರಗೆಲೆ ಸುಡಬೇಡಿ. ಮೀಟರ್ ಉದ್ದಗಲದ ತಂತಿಬಲೆಯ ಗೂಡು ಮಾಡಿ, ಎಲೆಯನ್ನು ಒದ್ದೆ ಮಾಡುತ್ತಾ ತುಳಿದು ತುಂಬಿ. ಒಂದೆರಡು ವರ್ಷದಲ್ಲಿ ಕಪ್ಪು, ಪುಡಿಪುಡಿಯಾದ ಎಲೆಗೊಬ್ಬರ ಸಿಗುತ್ತದೆ. ಬೇಗ ಬೇಕಾದರೆ ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ ಹಸಿ ಹುಲ್ಲು ಬೆರೆಸಿ. ಗುಡ್ಡೆ ಹಾಗೇ ಬಿದ್ದಿದ್ದರೆ ಒಳಗೆ ಕೈ ಹಾಕಿ ನೋಡಿ, ಬಹಳ ಸಲ ನಡುವೆ ಒಣಗಿಹೋಗಿರುತ್ತದೆ.

ಯಾವುದು ಮೊದಲು ಎಂದು ಕೇಳಿದ್ದಿರಿ: ಈ ವಾರ ಚಿಮಣಿ, ಅದರ ಜೊತೆಗೇ ಸೌದೆಯ ತೂಕ, ಒಣಹವೆ ಇರುವಷ್ಟು ದಿನ ಬೀಜ ಮತ್ತು ಕುಂಬಳ, ದೋಣಿ ಎಲೆ ಬಿದ್ದಂತೆ. ತೋಟದಲ್ಲಿ ಒಣಗಿ ನಿಂತ ಹೂಗಿಡದ ಕಡ್ಡಿಗಳನ್ನು ಮಾತ್ರ ಈಗ ಕತ್ತರಿಸಬೇಡಿ. ಟೊಳ್ಳು ಕಡ್ಡಿಗಳ ಒಳಗೆ ಒಂಟಿ ಜೇನ್ನೊಣಗಳಂಥ ಕೀಟಗಳು ಚಳಿ ಕಳೆಯುತ್ತವೆ. ವಸಂತದಲ್ಲಿ ಹಗಲು ಬೆಚ್ಚಗಾದ ಮೇಲೆ, ಬುಡದಲ್ಲಿ ಒಂದಡಿ ಬಿಟ್ಟು ಕತ್ತರಿಸಿದರಾಯಿತು.